ಮೂರನೇ ತೂತಿನ ಎರಡು ವಾಷರ್

…ಅಲ್ಲ ಅಣ್ಣ, ಮುಖ ಆ ಕಡೆ ತಿರುಗಿಸಬೇಡ. ನೀನೇ ಹೇಳಿದ್ದು. ಗಾಜಿನ ರೂಮಿನ ಹೊರಗೆ ನಿಂತು ಕಣ್ಣಾರೆ ನೋಡಿದೆ. ಯಜಮಾನರು ಏನೋ ಕೇಳಿದರು, ನೀನು ತಲೆ ಅಲ್ಲಾಡಿಸಿದೆ. ಮೇಲೆ, ಕೆಳಗೆ. ಅಂದರೆ ಹೌದು ಅಂತ ತಾನೇ? ಇಲ್ಲ ಕತ್ತು ಉಳುಕಿತ್ತಾ?

ನಗು ಬರಲಿಲ್ವಾ? ಸರಿ ಬಿಡು. ಬೇರೆ ದಿನ ಆಗಿದ್ದರೆ ನಗ್ತಿದ್ದೆ.

ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಹೆಡ್ ಮೇಷ್ಟ್ರ ಕುರ್ಚಿಗೆ ಗ್ರೀಸ್ ಹಚ್ಚಿ ಒಂಬತ್ತನೇ ಕ್ಲಾಸಿಂದ ನಾನು ಆಚೆ ಬಿದ್ದಾಗ, ಇವನ ಜವಾಬ್ದಾರಿ ನಂದು ಅಂತ ಹೇಳಿ ಈ ಗ್ಯಾರೇಜಿಗೆ ಸೇರಿಸಿದ್ದು ನೀನು. ಇವತ್ತು ಅದೇ ಬಾಯಲ್ಲಿ ನನ್ನ ಹೆಸರು ಹೇಳಿದೆ. ಆ ಇಂಜೆಕ್ಟರ್ ಕೂರಿಸಿದವನು ನಾಳೆಯಿಂದ ಬರೋದು ಬೇಡ ಅಂತ ಯಜಮಾನರು ಬೆಳಿಗ್ಗೆಯೇ ಅಂದಿದ್ದರು. ನಿನಗೂ ಕೇಳಿಸಿತ್ತು. ಕೇಳಿಸಿಕೊಂಡೇ ಹೇಳಿದೆ.

ತಪ್ಪು ನಂದೇ, ಇಲ್ಲ ಅನ್ನಲ್ಲ. ನರ್ಸಮ್ಮನ ಹಳೇ ಕಾರಿನ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸೋ ನಾಲ್ಕೂ ಇಂಜೆಕ್ಟರ್ ಹೋದ ವಾರ ಬಿಚ್ಚಿ ತೊಳೆದೆವಲ್ಲ, ಮೂರನೆಯದನ್ನ ವಾಪಸ್ ಕೂರಿಸಿದ್ದು ನಾನು. ಟಾರ್ಚ್ ಹಾಕಿ ತೂತಿನ ತಳ ನೋಡು, ಹಳೇ ತಾಮ್ರದ ವಾಷರ್ ಅಲ್ಲೇ ಕಚ್ಚಿಕೊಂಡಿರುತ್ತೆ, ಕಿತ್ತು ಹೊಸದು ಹಾಕು ಅಂದಿದ್ದೆ ನೀನು. ನಾನು ಆ ಹೊತ್ತಿಗೆ ಟಾರ್ಚನ್ನ ಗಲ್ಲದ ಕೆಳಗೆ ಹಿಡಕೊಂಡು ದೆವ್ವ ಆಗಿದ್ದೆ. ನೀನೂ ನಕ್ಕೆ, ಮರೀಬೇಡ. ಹಳೇದರ ಮೇಲೇ ಹೊಸದು ಕೂತಿತು. ಇಂಜೆಕ್ಟರ್ ಒಂದು ವಾಷರ್‌ನಷ್ಟು ಎತ್ತರಕ್ಕೆ ನಿಂತಿತು. ಕಾರು ಓಡುವಾಗ ಅಷ್ಟು ಗೊತ್ತಾಗಲ್ಲ, ಸಿಗ್ನಲ್ಲಲ್ಲಿ ನಿಂತರೆ ಸಾಕು, ಚಳಿಜ್ವರ ಬಂದವರ ಹಾಗೆ ನಡುಗೋದು. ಸ್ಟಿಯರಿಂಗ್ ಹಿಡಿದು ಕೈ ಜೋಮು ಹಿಡಿಯುತ್ತಪ್ಪ, ಈ ಕೈಯಲ್ಲಿ ಹೆರಿಗೆ ಹೇಗೆ ಮಾಡಿಸಲಿ ಅಂದರಲ್ಲ ನರ್ಸಮ್ಮ.

ಯಜಮಾನರು ಹಿಡಿದುಬಿಟ್ಟರು ನೋಡು. ಇಂಜಿನ್ ಆನ್ ಇರುವಾಗಲೇ ಒಂದೊಂದೇ ಡೀಸೆಲ್ ಪೈಪಿನ ನಟ್ಟು ಸಡಿಲಿಸಿದರು. ಮೊದಲನೆಯದು, ಇಂಜಿನ್ ಉಸಿರು ಕಟ್ಟಿದ ಹಾಗೆ ಕುಸಿಯಿತು. ಎರಡನೆಯದಕ್ಕೂ ಕುಸಿಯಿತು. ಮೂರನೆಯದಕ್ಕೆ ಏನೂ ಇಲ್ಲ. ನಡುಕ ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಅಂದರೆ ಮೊದಲಿಂದಲೂ ಅದು ಕೆಲಸವೇ ಮಾಡ್ತಿರಲಿಲ್ಲ, ನನ್ನ ಹಾಗೆ. ಬಿಚ್ಚಿ, ಕೊಕ್ಕೆ ಹಾಕಿ ಎಳೆದರೆ ಒಂದರ ಹಿಂದೆ ಒಂದು, ಎರಡು ವಾಷರ್. ಆಮೇಲೆ ನಮ್ಮನ್ನ ಒಬ್ಬೊಬ್ಬರನ್ನಾಗಿ ಒಳಗೆ ಕರೆದರು.

ಯಾಕೆ ಹಾಗೆ ನೋಡ್ತೀಯ? ಹೌದು, ಮೊದಲು ನನ್ನನ್ನೇ ಕರೆದಿದ್ದು. ನಾನಾ? ನಾನು ನೆನಪಿಲ್ಲ ಅಂದೆ. ಅಷ್ಟೇ. ನೀನೂ ಹಾಗೇ ಅನ್ನಬಹುದಿತ್ತು, ನಾಲಿಗೆ ಸವೆದು ಹೋಗ್ತಿತ್ತಾ? ಇಬ್ಬರಿಗೂ ಒಂದು ವಾರ ಬೈದು ಸುಮ್ಮನಾಗ್ತಿದ್ದರು.

ಮಾತಾಡು ಅಣ್ಣ. ಸ್ಪ್ಯಾನರ್ ಒರೆಸಿ ಒರೆಸಿ ಚೀಲಕ್ಕೆ ಹಾಕಿದರೆ ಆಯ್ತಾ? ನನ್ನ ಸಾಮಾನು ನಾನೇ ಕಟ್ಟಿಕೊಳ್ತೀನಿ, ನಿನ್ನ ಉಪಕಾರ ಬೇಡ. ಆ ಚೀಲ ಕೊಡು ಇಲ್ಲಿ.

ಇದು… ಇದು ನಿನ್ನ ಸ್ಪ್ಯಾನರ್ ಅಲ್ವಾ? ಇದು ನಿನ್ನ ಅಂಗಿ. ಊಟದ ಡಬ್ಬಿಯೂ ನಿಂದೇ. ನಿಂದೆಲ್ಲ ಯಾಕೆ ಚೀಲದಲ್ಲಿದೆ?

ಯಜಮಾನರು ನಿನ್ನನ್ನ ಏನಂತ ಕೇಳಿದರು? ಯಾರು ಕೂರಿಸಿದ್ದು ಅಂತ ತಾನೇ?

…ಅಲ್ವಾ?

“ನೀನೇ ಕೂರಿಸಿದ್ದಂತೆ, ಹೌದಾ?” ಅಂತ ಕೇಳಿದರಾ?

ಅದಕ್ಕಾ ತಲೆ ಅಲ್ಲಾಡಿಸಿದ್ದು?

ಇಲ್ಲ ಅನ್ನಬೇಕಿತ್ತು. ನನ್ನ ತಮ್ಮ ಸುಳ್ಳುಬುರುಕ ಅನ್ನಬೇಕಿತ್ತು, ಇಡೀ ಬೀದಿಗೆ ಗೊತ್ತಿರೋ ವಿಷಯ. ಅವರು ಹಾಗೆ ದಿಟ್ಟಿಸಿ ನೋಡಿದರು ಅಣ್ಣ… ನೆನಪಿಲ್ಲ ಅನ್ನಲಿಲ್ಲ ನಾನು, ಬಾಯಿಗೆ ಮೊದಲು ಬಂದಿದ್ದು ನಿನ್ನ ಹೆಸರು. ನನಗೆ ಯಾವಾಗಲೂ ಅದೇ ಬರೋದು. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಅದೇ ಬಂದಿತ್ತು. ಆರು ವರ್ಷದಿಂದ ಇರೋ ಕೆಲಸಗಾರ, ನಿನ್ನನ್ನ ಕಳಿಸಲ್ಲ ಅಂದುಕೊಂಡೆ.

ಚಪ್ಪಲಿ ಯಾಕೆ ಹಾಕ್ಕೊಳ್ತಿದ್ದೀಯ? ತಾಳು. ಒಳಗೆ ಹೋಗಿ ನಿಜ ಹೇಳ್ತೀನಿ. ಹೇಳ್ತೀನಿ ಅಂದೆನಲ್ಲ. ನೀನೂ ಜೊತೆಗೆ ಬಾ, ಅಷ್ಟೇ.

ಏನಾದರೂ ಅನ್ನು ಅಣ್ಣ. ಗೇಟಿನವರೆಗಾದರೂ ಬೈದುಕೊಂಡು ಹೋಗು.