ಹಲಗೆಗೆ ನೇತುಹಾಕಿದ ಹದಿನೇಳನೆಯ ಬಿಲ್ಲೆ

ಕೆಳಗೆ ಸಹಿ ಮಾಡಿರುವ ನಾನು, ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿ, ವಯಸ್ಸು 66 ವರ್ಷ, ವಾಸ ಬಂದರು ರಸ್ತೆಯ ಅಂಚೆ ಕಚೇರಿಯ ಮೇಲಿನ ಮಹಡಿ, ಯಾರ ಒತ್ತಾಯವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ಇಂದು ಬೆಳಿಗ್ಗೆ 9.00 ಗಂಟೆಗೆ ನಾನು ಮತ್ತು ನನ್ನ ಯಜಮಾನರು (ವಯಸ್ಸು 71, ಗಡಿಯಾರ ರಿಪೇರಿ ಮಾಡುತ್ತಿದ್ದವರು, ಸಕ್ಕರೆ ಕಾಯಿಲೆಯುಳ್ಳವರು) ಇತರ ಹದಿನೈದು ಮಂದಿಯೊಡನೆ ದೋಣಿಯಲ್ಲಿ ಹೊರಟು, ಆರು ಕಿಲೋಮೀಟರ್ ದೂರದ ಸಂರಕ್ಷಿತ ಹಕ್ಕಿ ದ್ವೀಪವನ್ನು 9.40ಕ್ಕೆ ತಲುಪಿದೆವು. ಅಲ್ಲಿ ಇಳಿಯುವವರಿಗೆಲ್ಲ ಸಂಖ್ಯೆ ಬರೆದ ತಗಡಿನ ಬಿಲ್ಲೆ ಕೊಡುತ್ತಾರೆ. ಮರಳುವಾಗ ಅದನ್ನು ದೋಣಿ ನಿಲ್ಲುವ ಕಟ್ಟೆಯ ಹಲಗೆಗೆ ನೇತುಹಾಕಿ ದೋಣಿ ಹತ್ತಬೇಕು. ಹಲಗೆ ತುಂಬಿದರೆ ದ್ವೀಪದಲ್ಲಿ ಯಾರೂ ಉಳಿದಿಲ್ಲವೆಂದು ಅರ್ಥ. ನನ್ನದು 16, ಯಜಮಾನರದು 17. ನಿಮ್ಮ ಜೇಬಿಗೆ ಬಿದ್ದದ್ದು ಯಾವತ್ತಾದರೂ ವಾಪಸ್ ಬಂದಿದೆಯಾ, ಕೊಡಿ ಇಲ್ಲಿ ಎಂದು ನಾನು ಅವರ ಬಿಲ್ಲೆಯನ್ನೂ ನನ್ನ ಕೈಚೀಲಕ್ಕೆ ಹಾಕಿಕೊಂಡೆನು.

ಹಗ್ಗ ಕಟ್ಟಿದ ದಾರಿಯನ್ನು ಬಿಡಬಾರದು, ಹಕ್ಕಿಗಳಿಂದ ಐದು ಮೀಟರ್ ದೂರವಿರಬೇಕು ಎಂದು ದೋಣಿಯವರು ಎರಡು ಸಲ ಹೇಳಿದರು. 11.10ಕ್ಕೆ ಬಿಸಿಲು ತಡೆಯದೆ ನಾನು ಕಟ್ಟೆಗೆ ಮರಳಿದೆನು. ಯಜಮಾನರು, ಐದೇ ನಿಮಿಷ ಕಣೇ, ನೀನು ನಡೀತಿರು ಎಂದರು. 11.30ಕ್ಕೆ ಸೀಟಿ ಊದಿದಾಗ ನಾನು ಎರಡೂ ಬಿಲ್ಲೆಗಳನ್ನು ನೇತುಹಾಕಿ ದೋಣಿಯ ಒಳಕೋಣೆಯಲ್ಲಿ ಕುಳಿತೆನು. ಯಜಮಾನರು ಎಂದಿನಂತೆ ಹಿಂಬದಿಯಲ್ಲಿ ಗಾಳಿಗೆ ನಿಂತಿದ್ದಾರೆಂದು ಭಾವಿಸಿದೆನು.

12.15ಕ್ಕೆ ದಡದಲ್ಲಿ ಹದಿನಾರು ಮಂದಿ ಮಾತ್ರ ಇಳಿದೆವು. 12.30ಕ್ಕೆ ನಾನು ಈ ಠಾಣೆಗೆ ಬಂದು, ದೋಣಿಯವನು ನನ್ನ ಗಂಡನನ್ನು ಬಿಟ್ಟು ಬಂದಿದ್ದಾನೆಂದು ದೂರು ಕೊಟ್ಟೆನು. ದೋಣಿಯವರು, ಹಲಗೆ ತುಂಬಿತ್ತು ಟೀಚರಮ್ಮ, ನನ್ನ ಮಕ್ಕಳಾಣೆ ಎಂದಾಗ ಅವರನ್ನು ಗದರಿಸಿ ಬಾಯಿ ಮುಚ್ಚಿಸಿದೆನು. ಅವರ ಪರವಾನಗಿ ಪುಸ್ತಕವನ್ನು ತಾವು ವಶಪಡಿಸಿಕೊಂಡಿರಿ. ಗಸ್ತು ದೋಣಿ ಹೊರಟಿತು.

12.50ಕ್ಕೆ ಯಜಮಾನರ ಮಾತ್ರೆಗಳು ಯಾರ ಬಳಿ ಇವೆಯೆಂದು ತಾವು ಕೇಳಲು, ಕೈಚೀಲ ತೆರೆದೆನು. ಮಾತ್ರೆಗಳಿದ್ದವು, ಊಟದ ಡಬ್ಬಿಯಿತ್ತು. ಬಿಲ್ಲೆ ಇರಲಿಲ್ಲ. ಅವರು ಬರುವ ಮೊದಲೇ ಅವರ ಬಿಲ್ಲೆಯನ್ನೂ ನಾನೇ ನೇತುಹಾಕಿದ್ದೆನೆಂದು ಆಗಲೇ ತಿಳಿಯಿತು. ಆದರೂ ಒಂದೂವರೆ ಗಂಟೆ ಬಾಯಿ ಬಿಡಲಿಲ್ಲ. ದೋಣಿಯವರು ಎದುರಿನ ಬೆಂಚಿನಲ್ಲೇ ತಲೆ ತಗ್ಗಿಸಿ ಕುಳಿತಿದ್ದರು.

2.20ಕ್ಕೆ ಯಜಮಾನರು ಮೂಗು ಕೆಂಪಾಗಿದ್ದುದನ್ನು ಬಿಟ್ಟರೆ ಕ್ಷೇಮವಾಗಿ ಬಂದರು. ಎರಡು ಮೀಟರ್ ಅಗಲದ ದಾರಿಯ ನಡುವೆ ಹಕ್ಕಿಯೊಂದು ಎರಡು ಮರಿಗಳೊಡನೆ ಕುಳಿತುಬಿಟ್ಟಿತ್ತಂತೆ. ಐದು ಮೀಟರ್ ನಿಯಮ ಮೀರಬಾರದೆಂದು ಇವರು ಕಲ್ಲಿನ ಮೇಲೆ ಕುಳಿತು ಕಾದರಂತೆ. ಕೂಗಿದ್ದಕ್ಕೆ ಈ ಯಜಮಾನ್ರು ನಮಗೇ ಶ್ ಅಂದ್ರು, ಹಕ್ಕಿ ಏಳೋವರೆಗೂ ನಾವೂ ಹನ್ನೆರಡು ನಿಮಿಷ ನಿಂತ್ವಿ ಎಂದು ಗಸ್ತು ದೋಣಿಯಲ್ಲಿ ಹೋಗಿದ್ದ ಪೇದೆಯವರು ನಕ್ಕರು. ಸೀಟಿ ಕೇಳಿಸಲಿಲ್ಲವೇ ಎಂದು ನಾನು ಕೇಳಲು ಯಜಮಾನರು, ಕೇಳಿಸಿತು, ಆದರೆ ಬಿಲ್ಲೆ ನಿನ್ನ ಕೈಲಿತ್ತಲ್ಲ, ನೀನು ಎಣಿಸದೆ ಹೊರಡ್ತೀಯಾ ಎಂದರು.

ನಾನು ಅಳುತ್ತ, ನಗುತ್ತ ಅಲ್ಲಿಯೇ ನಿಜ ಹೇಳಿದೆನು. ದೋಣಿಯವರ ಕ್ಷಮೆ ಕೇಳಿದೆನು. ಬಿಡೀಮ್ಮಾ, ಯಜಮಾನ್ರು ಬಂದ್ರಲ್ಲ, ಮೊದಲು ಊಟ ಹಾಕಿ ಎಂದು ಅವರು ಹೇಳಿದರು.

ಆದುದರಿಂದ ನನ್ನ ದೂರನ್ನು ಹಿಂಪಡೆಯುತ್ತೇನೆ. ನಾಳೆ 9.00ರ ದೋಣಿ ತಪ್ಪದಂತೆ ಅವರ ಪರವಾನಗಿ ಪುಸ್ತಕವನ್ನು ಇಂದೇ ಅವರ ಕೈಗೆ ಕೊಡಬೇಕೆಂದು ಕೋರುತ್ತೇನೆ. ಇದನ್ನು ಓದಿಸಿ ಕೇಳಿದ್ದೇನೆ. ಬರೆದಿರುವುದೆಲ್ಲ ನಡೆದಂತೆಯೇ ಇದೆ, ತಪ್ಪು ನನ್ನದೇ ಆಗಿದೆ.

ಸ್ಥಳ: ಬಂದರು ಠಾಣೆ
ದಿನಾಂಕ: ಮಾರ್ಚ್ 14, ಮಧ್ಯಾಹ್ನ 3.05
ಸಹಿ/- ನಿವೃತ್ತ ಶಿಕ್ಷಕಿ