ತೂಕ ಮಾಡದ ಕೂಸಿಗೆ ಕಾರಿನ ಸೀಟು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಈ ಶಿಶುವಿಹಾರದ ಅಕ್ಕೋರೇ, ಕೂಸುಗಳನ್ನು ತೊಡೆಯ ಮೇಲೆ ಹಿಡಿದು ಕೂತಿರುವ ತಾಯಂದಿರೇ, ಬಬಲೇಶ್ವರದ ಸಮಸ್ತ ಸಭಿಕರೇ,

ಬೆಳೆಯುವ ಮಗುವಿಗೆ ಕಾರಿನಲ್ಲಿ ಎಂಥ ಸೀಟು ಆರಿಸಬೇಕು ಎಂದು ಎರಡು ಮಾತಾಡಲು ಈ ಕಿರಾಣಿ ಅಂಗಡಿ ಈರಯ್ಯನಿಗೆ ಹೇಳಿದ್ದಾರೆ. ಯಾಕೆ? ನಾನು ಆರಿಸಿದ್ದು ತಪ್ಪಾಗಿತ್ತು ಅಂತ ಊರಿಗೆಲ್ಲ ಗೊತ್ತೈತಿ. ನಗಬ್ಯಾಡ್ರಿ.

ಮೊಮ್ಮಗ ಮುತ್ತುವಿಗೆ ಸೀಟು ಬೇಕಾಗಿತ್ತು. ಸೊಸೆ ಸೌಭಾಗ್ಯ ವಿಜಯಪುರದ ಅಂಗಡಿಗೆ ಫೋನ್ ಹಚ್ಚಿದಳು. "ಕೂಸಿನ ತೂಕ ಎಷ್ಟೈತ್ರಿ? ಎತ್ತರ ಎಷ್ಟ್ರಿ?" ಅಂತ ಕೇಳಿದರು. ಲಸಿಕೆ ಹಾಕಿಸುವಾಗ ಬರೆದ ತೂಕ ಹಳೆಯದಾಗಿತ್ತು. ದಿನಾ ಬೆಲ್ಲ ತೂಗುವ ಮನೆಯಲ್ಲಿ ಇದೇನು ದೊಡ್ಡ ಮಾತೇ? ದೊಡ್ಡ ಮಾತೇ ಆಯಿತು. ನನ್ನ ಹೆಂಡತಿ ನೀಲಾಬಾಯಿ ಅಡ್ಡ ನಿಂತಳು. "ಕೂಸಿನ್ನ ತೂಗಿದರ ನೋಡ್ರಿ ಮತ್ತ! ದೃಷ್ಟಿ ಆಕ್ಕೈತಿ." ಸೊಸೆ ಅತ್ತೆಯ ಮಾತು ಮೀರಲಿಲ್ಲ.

ಆಗ ಈ ಶಾಣ್ಯಾ ಈರಯ್ಯ ಒಂದು ಉಪಾಯ ತೆಗೆದ. ಬೆಳೆಯುವ ಮಕ್ಕಳಿಗೆ ಅಂಗಿ, ಚಪ್ಪಲಿ ಎಲ್ಲ ಒಂದು ಅಳತೆ ದೊಡ್ಡದೇ ತಗೋತೀವಲ್ಲ? ಸೀಟೂ ದೊಡ್ಡದೇ ತಂದೆ. "ಸಾಲಿಗೆ ಹೋಗೂತನಕ ನಡೀತೈತಿ" ಅಂದೆ. ಸಂದಿಗೆ ಕೌದಿ ತುರುಕಿದೆವು. ಒಂದು ದಿನ ಕಾರಿನಲ್ಲಿ ಹೊರಟಾಗ ಜೈನಾಪುರದ ಹತ್ತಿರ ಟ್ರ್ಯಾಕ್ಟರ್ ಅಡ್ಡ ಬಂದು ಮಗ ಚಂದ್ರಕಾಂತ ಗಕ್ಕನೆ ಬ್ರೇಕ್ ಒತ್ತಿದ. ಮುತ್ತು ಬೆಲ್ಟಿನ ಕೆಳಗಿಂದ ಜಾರಿ ಬಂದ. ತುಟಿ ಒಡೆಯಿತು, ಅಷ್ಟೇ. ಅಷ್ಟೇ ಅನ್ನಲು ಈಗಲೂ ನನ್ನ ಬಾಯಿ ಒಣಗುತ್ತದೆ.

ನೀಲಾಬಾಯಿ ಯಾಕೆ ಅಷ್ಟು ಹಟ ಹಿಡಿದಳು? ಹೇಳಬಾರದು ಅಂದುಕೊಂಡೇ ಬಂದಿದ್ದೆ. ಚಂದ್ರಕಾಂತನಿಗಿಂತ ಮೊದಲು ನಮಗೊಂದು ಹೆಣ್ಣುಕೂಸು ಇತ್ತು. ಗುಂಡಗುಂಡಗೆ ಇತ್ತು. ನೀಲಾಬಾಯಿ ಹುರುಪಿನಿಂದ ಅದನ್ನು ಅಂಗಡಿಯ ತಕ್ಕಡಿಯಲ್ಲಿ ಕೂಡಿಸಿ ಬಂದವರಿಗೆಲ್ಲ ತೋರಿಸಿದ್ದಳು. ಆಮೇಲೆ ಜ್ವರ ಬಂತು. ಕೂಸು ಉಳಿಯಲಿಲ್ಲ. ಜ್ವರಕ್ಕೂ ತಕ್ಕಡಿಗೂ ಏನು ಸಂಬಂಧ? ಏನೂ ಇಲ್ಲ. ಆದರೆ ಅದನ್ನು ಆ ತಾಯಿಗೆ ಹೇಳುವವರು ಯಾರು? ನನಗಂತೂ ಧೈರ್ಯ ಬರಲಿಲ್ಲ.

ತುಟಿ ಒಡೆದ ಮರುದಿನ ಅಂಗಡಿ ತುಂಬ ಗಿರಾಕಿಗಳು. ನೀಲಾಬಾಯಿ ಮುತ್ತುವನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ತನ್ನ ತೂಕವನ್ನು ನನಗೂ ಎಂದೂ ಹೇಳದ ಹೆಣ್ಣುಮಗಳು ಚೀಲ ತೂಗುವ ಕಾಟಾ ಹತ್ತಿ ನಿಂತುಬಿಟ್ಟಳು!

"ನನ್ನ ತೂಗ್ರಿ," ಅಂದಳು. ತೂಗಿದೆ. ಕೂಸನ್ನು ಸೊಸೆಯ ಕೈಗೆ ಕೊಟ್ಟಳು. "ಈಗ ಮತ್ತ ನನ್ನ ತೂಗ್ರಿ. ನನ್ನ ಕೂಸಿನ್ನ ಯಾರೂ ತೂಗಿಲ್ಲ. ಕಳಿಯೂದು ನಿಮ್ಮ ಕೆಲಸ."

ಕಳೆದೆ. ಕಣ್ಣು ಮಂಜಾಗಿ ಲೆಕ್ಕ ತಪ್ಪಿತು, ಮತ್ತೆ ಕಳೆದೆ. ಅದೇ ತೂಕಕ್ಕೆ ಒಪ್ಪುವ, ಹಿಂದಕ್ಕೆ ಮುಖ ಮಾಡಿ ಕೂಡಿಸುವ, ಬೆಲ್ಟ್ ಮೈಗೆ ಬಿಗಿಯಾಗಿ ಕೂಡುವ ಸೀಟು ತಂದೆವು. ತಾಯಂದಿರೇ, ಮುಂದಿನ ವರ್ಷಕ್ಕೆ ಆಗಲಿ ಅಂತ ತರಬೇಡಿರಿ. ಇವತ್ತಿನ ಕೂಸಿಗೆ ತರ್ರಿ.

ಇಲ್ಲೇ ಮೂಲೆಯಲ್ಲಿ ಕೂತು ನೀಲಾಬಾಯಿ, ಸಾಕು ಇಳೀರಿ ಅಂತ ಕಣ್ಸನ್ನೆ ಮಾಡಾಕತ್ಯಾಳ. ಹೆದರಬ್ಯಾಡ, ಅವತ್ತು ಕಾಟಾ ತೋರಿಸಿದ ನಿನ್ನ ತೂಕ ನನ್ನ ಬಾಯಿಂದ ಬರೂದಿಲ್ಲ. ಸಮಾಧಾನದಿಂದ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.