ಕೊಪ್ಪರಿಗೆಯ ಮುಂದೆ ಹೇಳಿದ ಹೆಸರು

...ಇಲ್ಲ, ಕೂತ್ಕೊಳ್ಳಿ ಸ್ಟಮಾಟಿಯಾ ಅವರೇ. ಚರ್ಚಿನ ಅಂಗಳದಲ್ಲಿ ಎಲ್ಲರೂ ಸಕ್ಕರೆ ಬಾದಾಮಿ ತಿನ್ನುತ್ತಿದ್ದಾರೆ, ನಮ್ಮನ್ನು ಹುಡುಕಿಕೊಂಡು ಈಗಲೇ ಯಾರೂ ಬರುವುದಿಲ್ಲ. ಮಗು ನಿಮ್ಮ ಮಡಿಲಲ್ಲೇ ನಿದ್ದೆ ಮಾಡಲಿ.

ಬಾಯಿ ತಪ್ಪಿ ಬಂದದ್ದಲ್ಲ. ಜ್ಞಾನಸ್ನಾನದ ಕೊಪ್ಪರಿಗೆಯ ಮುಂದೆ ಪಾದ್ರಿ ಹೆಸರೇನು ಅಂತ ಕೇಳಿದರು, ಫೋಟಿನಿ ಅಂದೆ. ಮುದುಕನಿಗೆ ಮರೆವು ಅಂದುಕೊಂಡರೋ ಏನೋ, ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಫೋಟಿನಿ ಅಂದೆ. ಮೂವತ್ತೊಂಬತ್ತು ವರ್ಷ ಗ್ರೀಕ್ ವ್ಯಾಕರಣ ಕಲಿಸಿದ ಮೇಷ್ಟ್ರು ನಾನು. ಒಂದು ಹೆಸರು ಮರೆಯುತ್ತೇನೆಯೇ?

ಬಾಗಿಲ ಕಡೆ ನೋಡಬೇಡಿ. ನಿಮ್ಮ ಮಗ ಪಾಂಡೆಲಿಸ್‌ಗೆ ಇದೇನೂ ಗೊತ್ತಿಲ್ಲ. ಹಳೆಯ ಶಿಷ್ಯ, ಗೌರವಕ್ಕೆ ಬಂದು, ಮಗಳಿಗೆ ನೀವೇ ಜ್ಞಾನತಂದೆ ಆಗಬೇಕು ಮೇಷ್ಟ್ರೇ ಅಂದ. ಈ ದ್ವೀಪದಲ್ಲಿ ಯಾರು ಕೇಳಿದರೂ ಒಲ್ಲೆ ಅಂದವನು ಅವತ್ತು ಒಪ್ಪಿಕೊಂಡೆ. ಮೂರು ಗಂಡಾದ ಮೇಲೆ ಹುಟ್ಟಿದ ಮೊದಲ ಹೆಣ್ಣು. ಅಪ್ಪನ ತಾಯಿಯ ಹೆಸರು ಅದಕ್ಕೆ ಬರಬೇಕು, ನಿಮ್ಮ ಹೆಸರು. ಹೊದಿಕೆಯ ಮೂಲೆಯಲ್ಲಿ ನೀವು ಕಸೂತಿ ಹಾಕಿಯೂ ಆಗಿದೆ, ಕಾಣಿಸ್ತಿದೆ. ಬೆರಳಿಂದ ಮುಚ್ಚಬೇಡಿ. ಆದರೆ ಕೊಪ್ಪರಿಗೆಯ ಮುಂದೆ ಆ ಹೆಸರನ್ನು ಬಾಯಿಬಿಟ್ಟು ಹೇಳುವ ಅಧಿಕಾರ ಹೆತ್ತವರಿಗಿಲ್ಲ, ಅಜ್ಜಿಗಿಲ್ಲ. ನನಗೆ ಮಾತ್ರ.

ನೋಂದಣಿ ಕಚೇರಿಯಲ್ಲಿ ಬೇರೆ ಹೆಸರು ಬರೆಸುತ್ತೀರಾ? ಬರೆಸಿ. ಎಣ್ಣೆ ಹಚ್ಚಿ, ಆ ಹೆಸರು ಹೇಳಿ ಮೂರು ಸಲ ನೀರಲ್ಲಿ ಮುಳುಗಿಸಿದ್ದನ್ನು ಅಳಿಸುವಷ್ಟು ಧೈರ್ಯ ನಿಮ್ಮಂಥ ದೈವಭಕ್ತೆಗೆ ಇಲ್ಲ. ಅದು ಗೊತ್ತಿದ್ದೇ ಒಪ್ಪಿಕೊಂಡೆ.

ತರಗತಿಯಲ್ಲಿ ಪ್ರತಿ ವರ್ಷ ಮೊದಲ ಪಾಠ ಹುಡುಗಿಯರ ಹೆಸರಿನದೇ. ಐರಿನಿ ಶಾಂತಿ, ಝೋಯಿ ಬದುಕು, ಸೋಫಿಯಾ ವಿವೇಕ. ಕಟೆರೀನಾ ಅಂದರೆ ಪರಿಶುದ್ಧೆ ಅಂತ ಪಾದ್ರಿ ಹೇಳುತ್ತಾರೆ. ಅದು ಆಮೇಲೆ ಅಂಟಿಸಿದ ಅರ್ಥ, ಮೂಲ ಯಾರಿಗೂ ಖಚಿತವಿಲ್ಲ. ನಾನು ತಿದ್ದುತ್ತಿದ್ದೆ. ಸುಳ್ಳು ಅರ್ಥ ನನಗಾಗದು. ನಿಮ್ಮದೊಂದನ್ನು ಮಾತ್ರ ತರಗತಿಯಲ್ಲಿ ಹೇಳಲಿಲ್ಲ, ಪಾಂಡೆಲಿಸ್ ಕೂತಿರುತ್ತಿದ್ದ. ನಿಮ್ಮಪ್ಪನಿಗೆ ನಾಲ್ಕನೆಯದೂ ಹೆಣ್ಣಾಯಿತು. ಹೆಣ್ಣು ಹುಟ್ಟುವುದು ಇಲ್ಲಿಗೆ ನಿಲ್ಲಲಿ ಅಂತ ಸ್ಟಮಾಟಿಯಾ ಅಂತ ಇಟ್ಟ. ಯಾಕೆ ತಲೆ ತಗ್ಗಿಸಿದಿರಿ? ಇಟ್ಟವನು ನಾನಲ್ಲವಲ್ಲ.

ಫೋಟಿನಿ ಅಂದರೆ ಬೆಳಕಿನವಳು. ರಷ್ಯಾದವರ ಸ್ವೆತ್ಲಾನಾದಲ್ಲೂ ಬೆಳಕೇ. ಇಟಲಿಯವರ ಲುಚೀಯಾದಲ್ಲೂ ಬೆಳಕೇ, ಫ್ರೆಂಚರ ಲ್ಯೂಸಿಯಲ್ಲೂ ಬೆಳಕೇ. ಎಲ್ಲ ಕಡೆ ಉರಿಯುವ ದೀಪ ನಮ್ಮ ಮನೆಯಲ್ಲಿ ಮಾತ್ರ ಆರಿತು, ಆರಿಸಿದ್ದು ನೀವು.

ನೆನಪಿಸಲೇ? ನನ್ನ ತಂಗಿ ಫೋಟಿನಿಗೂ ತೀರಿಕೊಂಡ ನಿಮ್ಮ ಗಂಡ ಮಿಖಾಲಿಸ್‌ಗೂ ಉಂಗುರ ಬದಲಾಗಿತ್ತು. ಊರ ಬ್ರೆಡ್ಡಿನ ಒಲೆಯ ಮುಂದೆ ಸರದಿಯಲ್ಲಿ ನಿಂತು ನೀವು ಒಂದೇ ಮಾತು ಆಡಿದಿರಿ. ಸುಂಕದ ಅಧಿಕಾರಿಯ ಮನೆಯಿಂದ ಬೆಳ್ಳಂಬೆಳಗ್ಗೆ ಫೋಟಿನಿ ಇಳಿದು ಬರುತ್ತಿದ್ದಳು, ಕೂದಲು ಬಿಚ್ಚಿತ್ತು ಅಂತ. ಹಿಟ್ಟು ಬ್ರೆಡ್ಡಾಗುವಷ್ಟರಲ್ಲಿ ಊರಿಗೆಲ್ಲ ಹಬ್ಬಿತು. ಉಂಗುರ ವಾಪಸ್ಸು ಬಂತು. ಅವಳು ದ್ವೀಪ ಬಿಟ್ಟು ಪಿರೇಯಸ್ ಬಂದರಿಗೆ ಹೋಗಿ ನೂಲಿನ ಗಿರಣಿ ಸೇರಿದಳು, ಎರಡನೇ ಚಳಿಗಾಲಕ್ಕೆ ಎದೆ ರೋಗದಲ್ಲಿ ಸತ್ತಳು. ಅಷ್ಟರಲ್ಲಿ ನಿಮ್ಮ ಮದುವೆ ಆಗಿತ್ತು.

ಮೂವತ್ತೊಂದು ವರ್ಷ ಕಾದೆ. ಇನ್ನು ನೀವು ಕರೀರಿ, ದಿನಾ. ಫೋಟಿನಿ, ಹಾಲು ಕುಡಿ. ಫೋಟಿನಿ, ಹೊರಗೆ ಚಳಿ, ಒಳಗೆ ಬಾ... ಸಾಯೋ ಹೊತ್ತಲ್ಲಿ ನಿಮ್ಮ ಬಾಯಿಗೆ ನೀರು ಬಿಡೋ ಹುಡುಗಿಯ ಹೆಸರೂ ಅದೇ ಆಗಿರಲಿ.

ಯಾಕೆ ಹಾಗೆ ನೋಡುತ್ತೀರಿ? ಬೈಯಿರಿ. ನಾನು ಹೇಳಿದ್ದು ಸುಳ್ಳು ಅನ್ನಿ. ಸುಳ್ಳಲ್ಲ ಅಂತ ತಲೆಯಾಡಿಸುತ್ತೀರಿ... ಸರಿ, ಒಪ್ಪಿಕೊಂಡಿರಿ. ಮತ್ತೆ ಇನ್ನೇನು? ಏನು ಬಾಕಿ ಇದೆ?

ಫೋಟಿನಿ ಪಿರೇಯಸ್ಸಿನಿಂದ ತಿರುಗಿ ಬರಲಿಲ್ಲ. ಹೋದವಳು ಹಿಂದಿರುಗಿ ನೋಡಲಿಲ್ಲ ಅಂತ ಊರಿಗೆ ಹೇಳಿದ್ದೇನೆ, ಅಷ್ಟೇ ನಡೆದದ್ದು. ಕೇಳಿದಿರಾ? ನೀವೇನೂ ಕೇಳಲಿಲ್ಲ, ನಿಜ. ನಾನೇ ಹೇಳ್ತಿದ್ದೇನೆ.

...ನಿಮ್ಮ ತವರಿನ ಕಿಟಕಿ. ನಮ್ಮ ಬಾಗಿಲಿಗೆ ನೇರ ಎದುರು.

ಅವತ್ತು ಅಲ್ಲಿಂದ ನೋಡಿದಿರಿ.

ಸಾಯುವ ಮುಂಚೆ ಒಮ್ಮೆ ಸಂಜೆಯ ದೋಣಿಗೆ ಬಂದಿದ್ದಳು. ಮೆಟ್ಟಿಲು ಹತ್ತುವಾಗಿನ ಕೆಮ್ಮಿನಲ್ಲೇ ಗುರುತು ಹಿಡಿದೆ. ಬಾಗಿಲು ತಟ್ಟಿದಳು. ಅಣ್ಣಾ ಅಂದಳು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಎದ್ದೆ... ಬಾಗಿಲು ತೆಗೆಯಲಿಕ್ಕಲ್ಲ. ದೀಪ ಊದಿದೆ. ಯಾರೂ ಇಲ್ಲ ಅಂದುಕೊಂಡು ಹೋಗಲಿ ಅಂತ. ಮೇಷ್ಟ್ರ ಮನೆ, ಮಾನ, ಮರ್ಯಾದೆ. ನೀವು ಆಡಿದ ಮಾತನ್ನು ಊರಲ್ಲಿ ಎಲ್ಲರಿಗಿಂತ ಮೊದಲು ನಂಬಿದವನು ನಾನು. ಕತ್ತಲಲ್ಲಿ ಪೆನ್ನು ಹಿಡಿದುಕೊಂಡು ನಿಂತಿದ್ದೆ. ಅವಳು ಇಳಿದು ಹೋಗುವ ತನಕ.

ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಲ್ಲ ನೀವು. ಒಲೆಯ ಮುಂದೆ ಇನ್ನೊಂದು ಮಾತು ಆಡಿದ್ದರೆ ನಾನೂ ಮುಗಿಯುತ್ತಿದ್ದೆ. ಯಾಕೆ ಹೇಳಲಿಲ್ಲ?

ಹೊರಗೆ ಕರೀತಿದ್ದಾರೆ. ಮಗುವಿನ ತಾಯಿ ಪದ್ಧತಿಯಂತೆ ಮನೆಯಲ್ಲೇ ಕಾಯುತ್ತಿದ್ದಾಳೆ. ಮಗುವನ್ನು ಎತ್ತಿಕೊಂಡು ಹೋಗಿ, ಬಾಗಿಲು ತಟ್ಟಿ, ಹೆಸರು ಹೇಳಿ ಒಪ್ಪಿಸಬೇಕಾದವನು ನಾನು. ಗೊತ್ತು. ಬೇಡ, ನನ್ನ ಕೈಗೆ ಕೊಡಬೇಡಿ. ನೀವೇ ಎತ್ತಿಕೊಂಡು ಹೋಗಿ, ಸ್ಟಮಾಟಿಯಾ ಅವರೇ... ಆ ಹೆಸರು ಹೇಳಿಕೊಂಡು ಬಾಗಿಲು ತಟ್ಟೋದು ನನ್ನ ಕೈಲಾಗಲ್ಲ.